ಗುಡ್ಡದ ಮ್ಯಾಲಿನ ಗಂಟು

ನಾ ಹುಟ್ಟೂದಕ್ಕಿಂತ ಮೊದಲು ನಮ್ಮವ್ವ ಕಲ್ಯಾಣದ ಆಚೆ ಇರೋ ಗುಡ್ಡ ಹತ್ತಿ, ಗುಡಿ ಮುಂದಿನ ಮರಕ್ಕ ತನ್ನ ಹಸಿರು ಇಳಕಲ್ ಸೀರಿಯ ಚೂರು ಹರಿದು ಗಂಟು ಹಾಕಿ ಬಂದಿದ್ದಳು. ಹೊಟ್ಯಾಗ ಕೂಸು ನಿಲ್ಲಲಿ ಅಂತ. ನಿಂತಿತು, ಅದು ನಾನು. ಹರಕಿ ಫಲಿಸಿದ ಮ್ಯಾಲೆ ಕಟ್ಟಿದವರೇ ಹೋಗಿ ಬಿಚ್ಚಬೇಕು, ಇಲ್ಲಂದ್ರ ಕೂಸಿಗೆ ಕೇಡು. ಅಲ್ಲಿಯ ಕಟ್ಟಳೆ ಅದು. ಇವತ್ತು ಹೋದೆ, ನಾಳೆ ಹೋದೆ ಅಂತ ನಾಲ್ಕು ಮನಿ ಮುಸುರಿ ತಿಕ್ಕೂದ್ರಾಗ ಅವ್ವನ ಮೊಣಕಾಲು ಸವದು ಹೋದ್ವು.

ಆಮ್ಯಾಲೆ ಶುರುವಾತು ನೋಡ್ರಿ. ನನಗ ನೆಗಡಿ ಬಂದ್ರೂ ಗಂಟು, ಲೋಕಲ್ ರೈಲು ತಪ್ಪಿದ್ರೂ ಗಂಟು. ತಲಿ ಚಿಟ್ಟು ಹಿಡೀತಿತ್ತು. ನನ್ನ ಬಸಿರು ಇಳಿದಾಗ ಮಾತ್ರ ಆಕಿ ಗಂಟಿನ ಸುದ್ದಿ ಎತ್ತಲಿಲ್ಲ. ಗ್ವಾಡಿ ಕಡೆ ಹೊಳ್ಳಿ ಮಲಗಿ ಅತ್ತಳು.

"ಡೋಲಿಯೊಳಗ ಕೂತು ಹೋಗಬೇ, ಹೊತ್ತು ಒಯ್ತಾರ" ಅಂತ ಬೈದೆ.

"ನಿಮ್ಮಪ್ಪ ಉಲ್ಹಾಸನಗರದ ಬಜಾರದಾಗ ಹಮಾಲಿ ಮಾಡಿ ಮಾಡಿ ಹೋದ. ಆ ಹೆಗಲಿಗೆ ದಿನಾ ಎಣ್ಣಿ ತಿಕ್ಕಿದಾಕಿ ನಾ. ಇನ್ನೊಬ್ಬರ ಹೆಗಲ ಮ್ಯಾಲೆ ಕೂಡಂಗಿಲ್ಲ, ಸುಮ್ನಿರು."

ಅಷ್ಟರಾಗ ಗುಡ್ಡದ ಬುಡಕ್ಕ ಬೋರ್ಡ್ ಬಿತ್ತು: ರೋಪ್‌ವೇ ಬರ್ತದ ಅಂತ. ಗಾಜಿನ ಡಬ್ಬಿಯೊಳಗ ಕೂತು ನಗೋ ಟೂರಿಸ್ಟ್ ಮಂದಿ ಚಿತ್ರ. ಅವ್ವ ಅದನ್ನ ಗಟ್ಟಿ ನಂಬಿದಳು. "ಮಷೀನಿಗೆ ಹೆಗಲು ನೋಯಂಗಿಲ್ಲಲ್ಲ" ಅಂದಳು. ಎರಡು ಕಂಬ ಎದ್ದವು, ಕೆಲಸ ನಿಂತಿತು. ಇಲೆಕ್ಷನ್ ಬಂದಾಗೊಮ್ಮೆ ಬೋರ್ಡಿಗೆ ಹೊಸಾ ಬಣ್ಣ ಬೀಳ್ತಿತ್ತು, ಕಂಬಕ್ಕ ಜಂಗು ಏರ್ತಿತ್ತು. ವಿಠ್ಠಲವಾಡಿಯ ನಮ್ಮ ಚಾಳಿನ ಮಾಳಗಿ ಏರಿದ್ರ ಗುಡ್ಡ ಕಾಣ್ತಿತ್ತು. ತನಗ ಏರಾಕ ಆಗದಿದ್ರೂ ಅವ್ವ ನನ್ನ ಕೇಳ್ತಿದ್ದಳು: "ತಂತಿ ಎಳದಾರೇನ, ನೋಡಿ ಬಾ." ಎಳದಿಲ್ಲಬೇ ಅಂತಿದ್ದೆ. ಎಷ್ಟು ಸಲ ಅಂತ ಹೇಳೂದು, ಸಾಕಾಗಿತ್ತು ನನಗ.

ಈ ಮಳಿಗಾಲದಾಗ ಜ್ವರ ಬಂತು, ಅವ್ವ ಏಳಲಿಲ್ಲ. ಗಲ್ಲಿಯ ಮಂದಿ ಬಂದು ಹೆಗಲು ಕೊಟ್ಟರು. ಹೆಗಲು ಬ್ಯಾಡ ಅಂದಾಕಿ ಏನೂ ಅನ್ನದಂಗ ಹೋದಳು. ನನಗ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು, ಯಾರ ಮ್ಯಾಲೆ ಅಂತ ಗೊತ್ತಾಗಲಿಲ್ಲ.

ಹೋದ ವಾರ ನಾನೇ ಗುಡ್ಡ ಹತ್ತಿದೆ. ನನಗ ಮತ್ತ ಬಸಿರು ನಿಂತದ, ಮೂರು ತಿಂಗಳು ಅಷ್ಟ. ಜಂಗು ಹಿಡಿದ ಕಂಬದ ಬುಡಕ್ಕ ಕೂತು ಕೂತು ಏರಿದೆ. ಮರದ ತುಂಬ ಬಟ್ಟಿ ಚೂರು. ಬಿಸಲು, ಮಳಿ ತಿಂದು ಎಲ್ಲಾ ಒಂದೇ ಬಣ್ಣ ಆಗ್ಯಾವು. ಹಸಿರು ಯಾವುದು, ಇಳಕಲ್ ಯಾವುದು, ಒಂದೂ ತಿಳಿಯಲಿಲ್ಲ.

ಕೈಗೆ ಸಿಕ್ಕ ಒಂದು ಗಂಟಿಗೆ ಉಗುರು ಹಾಕಿದೆ. ಅದು ಅವ್ವಂದು ಆಗಿರದಿದ್ರ? ಯಾರ ಕೂಸಿನದೋ ಏನೋ. ಕೈ ಹಿಂದ ತಗೊಂಡೆ. ಹೊಟ್ಟಿ ಹಿಡಕೊಂಡು, ಒಂದನ್ನೂ ಬಿಚ್ಚದೆ ಕೆಳಗಿಳಿದೆ.