ಕರ್ಪೂರದ ಮುಂದೆ ಆತ ಮಾಡಿದ ಆಣೆ

ಕೋರ್ಟಿಗೆ ಹೋದರೆ ಏನೇನು ಕೆಡಬಹುದೆಂದು ನಾನು ಲೆಕ್ಕ ಹಾಕಿದ್ದೆ. ಬಿಟ್ಟುಬಂದ ಗಂಡ ಮೆಟ್ಟಿಲ ಮೇಲೇ ಹೊಡೆಯಬಹುದು. ಜಡ್ಜ್ ಎದುರು ಬಾಯಿ ಒಣಗಿ ನನ್ನ ಹೆಸರೇ ನನಗೆ ಮರೆಯಬಹುದು. "ವಿಚ್ಛೇದನವಾದ ಮೇಲೂ ಗಂಡನ ಮೇಲೆ ದೂರೇ?" ಎಂದು ಜನ ನಗಬಹುದು. ಊರವರು ಮಾತು ಬಿಡಬಹುದು. ಶಾಲೆಯ ಬಿಸಿಯೂಟದ ಕೆಲಸ ಹೋಗಬಹುದು. ಕೋರ್ಟಿನ ಫ್ಯಾನು ಕಳಚಿ ಸರಿಯಾಗಿ ನನ್ನ ತಲೆಯ ಮೇಲೇ ಬೀಳಬಹುದು. ನಗಬೇಡಿ, ಮಾರಮ್ಮನ ಭಕ್ತರೇ. ಸಾಂಬಾರು ಕುದಿಯುವಷ್ಟು ಹೊತ್ತಿನಲ್ಲಿ ಹತ್ತು ಅನಾಹುತ ಕಾಣುವ ಹೆಂಗಸು ನಾನು.

ಈ ಸಲ ಮಾತ್ರ ಭಯಕ್ಕೆ ಕಾರಣವಿತ್ತು. ಪಿರಿಯಾಪಟ್ಟಣದ ಕಡೆಯ ಆತನಿಂದ ಬಿಡುಗಡೆ ಪಡೆದು ನಾನು ಕೆ.ಆರ್. ನಗರದ ಹತ್ತಿರದ ತವರಿಗೆ ಬಂದು ಎರಡು ವರ್ಷವಾಗಿತ್ತು. ಆದರೂ ಆತ ಬೈಕಿನಲ್ಲಿ ಬಂದು ನನ್ನ ದಾರಿ ಕಾಯುತ್ತಿದ್ದ. ಕಳೆದ ಮಳೆಗಾಲದಲ್ಲಿ, ನಾಲೆಯ ಏರಿಯ ಮೇಲೆ ಒಬ್ಬಳೇ ಬರುತ್ತಿದ್ದಾಗ ಅಡ್ಡಗಟ್ಟಿ ಎಡಗೈ ಮುರಿದ. "ಬಾಯಿ ಬಿಟ್ರೆ ಇದೇ ನಾಲೆಗೆ ಎಸೀತೀನಿ" ಎಂದ. ಜಾರಿ ಬಿದ್ದೆನೆಂದು ಆಸ್ಪತ್ರೆಯಲ್ಲಿ ಬರೆಸಿದೆ.

ಕೈಯ ಕಟ್ಟು ಬಿಚ್ಚಿದ ಮೇಲೆ, ಆತ ನನ್ನ ಹತ್ತಿರ ಬರದಂತೆ ರಕ್ಷಣೆ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಿದೆ. ಅವಳನ್ನು ಮುಟ್ಟಿಯೇ ಇಲ್ಲವೆಂದು ಆತ ಉತ್ತರ ಕೊಟ್ಟ.

"ನೋಡಿದೋರು ಯಾರಾದ್ರೂ ಇದಾರಾ ಜಯಮ್ಮ?" ಎಂದರು ಲಾಯರಮ್ಮ.

"ಮಾರಮ್ಮ ನೋಡವ್ಳೆ ಮೇಡಂ."

"ಅವ್ರಿಗೆ ಸಮನ್ಸ್ ಕಳ್ಸಕ್ಕಾಗಲ್ಲ ಕಣ್ರೀ."

ಅಷ್ಟರಲ್ಲಿ ಊರ ಯಜಮಾನ ಸಣ್ಣೇಗೌಡರು ಮನೆಗೆ ಬಂದರು. "ಕೋರ್ಟು ಗೀರ್ಟು ಯಾಕವ್ವ? ಅಮ್ಮನ ಮುಂದೆ ಕರ್ಪೂರ ಅಚ್ಚಿ, ಇನ್ಮ್ಯಾಲೆ ನಿನ್ನ ತಂಟೆಗೆ ಬರಕ್ಕಿಲ್ಲ ಅಂತ ಅವನ ಕೈಲಿ ಆಣೆ ಮಾಡುಸ್ತೀನಿ. ಆಮ್ಯಾಕೆ ಕೇಸು ವಾಪಸ್ ತಕೋ."

ನಾನು ಕೇಸಿನ ಕಾಗದಗಳನ್ನು ಎತ್ತಿ ಟ್ರಂಕಿನೊಳಗಿಟ್ಟೆ.

"ಯಾಕೆ, ಅಮ್ಮನ ಮ್ಯಾಲೂ ನಂಬ್ಕೆ ಇಲ್ವಾ?"

ಆ ಮಾತು ಕೈ ಮುರಿದದ್ದಕ್ಕಿಂತ ಹೆಚ್ಚು ನೋಯಿಸಿತು. ಗುಡಿಗೆ ಹೋಗಿ ಹೊಸ್ತಿಲಿಗೆ ತಲೆಯಿಟ್ಟೆ. "ತಾಯಿ, ಕೇಸು ಬಿಟ್ಟರೆ ಅವನು ನನ್ನನ್ನು ಉಳಿಸುವುದಿಲ್ಲ. ಬಿಡದಿದ್ದರೆ ನಿನ್ನನ್ನೇ ನಂಬದವಳು ಅನ್ನಿಸಿಕೊಳ್ಳುತ್ತೇನೆ. ನನಗೆ ದಾರಿ ಕಾಣುತ್ತಿಲ್ಲ." ಅಮ್ಮ ಏನೂ ಹೇಳಲಿಲ್ಲ. ಅವಳೂ ಯೋಚನೆಗೆ ಬಿದ್ದಳೇನೋ ಎಂದು ನನಗೆ ಇನ್ನೊಂದು ಯೋಚನೆ ಹತ್ತಿತು.

ಮಂಗಳವಾರ ಆತ ಬಿಳಿ ಅಂಗಿ ತೊಟ್ಟು ಬಂದ. ಗುಡಿಯ ತುಂಬ ಜನ. ಪೂಜಾರಿ ಕರ್ಪೂರ ಹಚ್ಚಿದರು. ಆತ ಉರಿಯ ಮೇಲೆ ಕೈಯೊಡ್ಡಿದ.

"ತಾಯಾಣೆಗೂ ಇನ್ಮ್ಯಾಲೆ ಇವಳ ಮ್ಯಾಲೆ ಕೈ ಮಾಡಕ್ಕಿಲ್ಲ. ಅವತ್ತು ನಾಲೆ ಏರಿ ಮ್ಯಾಲೆ ಒಡೆದಿದ್ದೇ ಕೊನೆ."

ನಾಲೆಯ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

ಸಣ್ಣೇಗೌಡರು ತಲೆಯೆತ್ತಿದರು. "ಮುಟ್ಟೇ ಇಲ್ಲ ಅಂತ ಬರ್ಕೊಟ್ಟಿದ್ದೆಯಲ್ಲಲಾ?"

"ಅದು ಕೋರ್ಟ್‌ಗೆ ಗೌಡ್ರೇ. ಅಮ್ಮನ ಮುಂದೆ ಸುಳ್ಳು ಯೋಳಕ್ಕಾಯ್ತದಾ?"

ನಾನು ಹೆಂಗಸರ ಗುಂಪಿನಿಂದ ಮುಂದೆ ಬಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: "ನಾನು ಕೇಸು ವಾಪಸ್ ತಗೊಳ್ಳಲ್ಲ."

ಗೌಡರು ಬೈಯುತ್ತಾರೆಂದುಕೊಂಡೆ. ಅವರು ಕರ್ಪೂರ ಆರುವವರೆಗೂ ಅದನ್ನೇ ನೋಡುತ್ತಿದ್ದು, "ಇರ್ಲಿ ಬುಡವ್ವ, ಕೇಸು ಇರ್ಲಿ. ಇಲ್ಲಿ ಕೇಳಿದ್ದ ಅಲ್ಲಿ ಇಲ್ಲ ಅಂದ್ರೆ ನಾಳೆ ಈ ತಾಯಿಗೆ ಯಾವ ಮಖ ತೋರ್ಸ್ಲಿ?" ಎಂದರು.

ಹೇಳಿದಂತೆಯೇ ಕೋರ್ಟಿಗೆ ಬಂದು, ಕೇಳಿದ್ದನ್ನು ಕೇಳಿದ ಹಾಗೆ ಜಡ್ಜ್ ಎದುರು ಹೇಳಿದರು. ಆತ ನನ್ನ ಮನೆಗಾಗಲಿ, ಶಾಲೆಗಾಗಲಿ, ನಾನು ನಡೆಯುವ ದಾರಿಗಾಗಲಿ ಬರಕೂಡದೆಂದು ಆದೇಶವಾಯಿತು. ಮೀರಿದರೆ ಪೊಲೀಸರು ಹಿಡಿಯುತ್ತಾರೆ. ಆತ ಬಾಯಿ ತಪ್ಪಿ ಆಡಿದ ಎನ್ನುವವರು ಅನ್ನಲಿ. ಆ ಬಾಯಿ ಬಿಡಿಸಿದವಳು ಯಾರೆಂದು ನನಗೆ ಗೊತ್ತು. ನನ್ನ ತಾಯಿಗೆ ಕೋಟಿ ನಮಸ್ಕಾರ.

ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಫ್ಯಾನು ಕೂಡ ತನ್ನ ಪಾಡಿಗೆ ತಿರುಗುತ್ತಿತ್ತು. ಆಗಿದ್ದು ಇಷ್ಟೇ: ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವಳಿಗೆ ಹಿಂದೆ ಬೈಕು ಬರುತ್ತಿದೆಯೇ ಎಂದು ನೋಡುವುದೇ ಮರೆತು, ಗಾಢ ನಿದ್ದೆ ಬಂದುಬಿಟ್ಟಿತ್ತು. ಕಂಡಕ್ಟರ್ "ಅಕ್ಕೋ, ಏಳಕ್ಕ, ಬಸ್ಸು ಇಲ್ಲಿಗೇ ಲಾಸ್ಟು" ಎಂದು ಎಬ್ಬಿಸಿದಾಗ ನಮ್ಮೂರು ಯಾವಾಗಲೋ ಹಿಂದೆ ಹೋಗಿ, ಚುಂಚನಕಟ್ಟೆ ಬಂದಿತ್ತು.