ಬಿಸಿಲಲ್ಲಿ ಬಂದ ಹಳ್ಳ

೧೯೯೮ರ ಆಗಸ್ಟ್ ತಿಂಗಳು. ಆಗ ನಾವು ಲಂಡನ್ನಿನ ಫೆಲ್ಥಮ್‌ನಲ್ಲಿ, ಮನೆಯ ಹೆಂಚು ಸವರಿಕೊಂಡೇ ವಿಮಾನ ಹಾರುವಂಥ ಬೀದಿಯಲ್ಲಿದ್ದೆವು. ನನ್ನ ಪತಿಗೆ ವಿಮಾನ ನಿಲ್ದಾಣದ ಲಗೇಜು ವಿಭಾಗದಲ್ಲಿ ಕೆಲಸ. ನಾನು ವಿಮಾನಗಳಿಗೆ ಊಟದ ಟ್ರೇ ಜೋಡಿಸುವ ಅಡುಗೆಮನೆಯಲ್ಲಿದ್ದೆ. ಇಬ್ಬರೂ ವಿಜಯಪುರ ಜಿಲ್ಲೆಯವರು. ವರ್ಷವಿಡೀ ಬೇರೆಯವರ ಪ್ರಯಾಣಕ್ಕೆ ದುಡಿಯುತ್ತಿದ್ದ ನಮಗೆ ಆ ವರ್ಷ ಸಿಬ್ಬಂದಿಯ ರಿಯಾಯಿತಿಯಲ್ಲಿ ಅಮೆರಿಕದ ಟಿಕೆಟ್ ಸಿಕ್ಕಿತು. ಎಲ್ಲರೂ ನ್ಯೂಯಾರ್ಕ್ ನೋಡಿ ಬನ್ನಿ ಅಂದರು. ಆದರೆ ನನ್ನವರಿಗೆ ಕಲ್ಲಿನ ಹುಚ್ಚು. ಲೈಬ್ರರಿಯಿಂದ ಪುಸ್ತಕ ತಂದು, ಯಾವ ಬಂಡೆ ಎಷ್ಟು ಹಳೆಯದು ಎಂದು ಊಟದ ಹೊತ್ತಿನಲ್ಲೂ ಹೇಳುತ್ತಿದ್ದರು. ಹನ್ನೊಂದು ವರ್ಷದ ಮಗಳು ವಿದ್ಯಾ ಕಣ್ಣು ಮೇಲೆ ಮಾಡಿ ನಿಟ್ಟುಸಿರು ಬಿಡುತ್ತಿದ್ದಳು.

ಅರಿಜೋನಾದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಅಂಚಿಗೆ ನಿಂತಾಗ ಮಾತ್ರ ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿದರು. ಯೂಟಾದಲ್ಲಿ ಕಲ್ಲಿನ ಕಮಾನುಗಳನ್ನು ನೋಡಿದೆವು. ಐದನೆಯ ದಿನ ಒಂದು ಕಿರಿದಾದ ಕಣಿವೆಗೆ ಇಳಿದೆವು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಕೆಂಪು ಕಲ್ಲು ಒಗೆದು ಹಿಂಡಿಟ್ಟ ಇಳಕಲ್ ಸೀರೆಯ ಹಾಗೆ ಮಡಿಕೆ ಮಡಿಕೆಯಾಗಿ ಮೇಲೆದ್ದಿತ್ತು. ತುಂಬ ಎತ್ತರದಲ್ಲಿ ಆಕಾಶದ ಒಂದು ನೀಲಿ ಗೆರೆ.

“ಇದನ್ನೆಲ್ಲ ಕೊರದದ್ದು ನೀರು, ಗೊತ್ತೇನ?” ಅಂದರು ನನ್ನವರು.

“ಆ ನೀರು ಈಗ ಎಲ್ಲೈತಿ?” ಅಂದೆ ನಾನು.

ಅವರು ನಕ್ಕರು. “ಈಗೆಲ್ಲಿ ನೀರು? ಮ್ಯಾಲ ನೋಡು, ಒಂದ ಒಂದು ಮೋಡ ಇಲ್ಲ.”

ನಮ್ಮ ಜೊತೆಯಲ್ಲೇ ವಯಸ್ಸಾದ ಅಮೆರಿಕನ್ ದಂಪತಿ ನಡೆಯುತ್ತಿದ್ದರು. ಆಕೆ ಬೆಟ್ಟಿ, ಆತ ಹೆರಾಲ್ಡ್. ಆತನಿಗೆ ಮಂಡಿನೋವು, ಕೈಯಲ್ಲಿ ಕೋಲು. ವಿದ್ಯಾ ಅವರಿಗೆ ತನ್ನ ಶಾಲೆಯ ಕಥೆ ಹೇಳುತ್ತಿದ್ದಳು.

ಅರ್ಧ ಗಂಟೆ ನಡೆದಿರಬಹುದು. ಲಂಡನ್ನಿನ ನೆಲದಡಿಯ ಟ್ಯೂಬ್ ಸ್ಟೇಷನ್ನಿನಲ್ಲಿ ರೈಲು ಕಾಣಿಸುವ ಮುಂಚೆ ಸುರಂಗದಿಂದ ಗಾಳಿ ನುಗ್ಗುತ್ತದಲ್ಲ, ಅಂಥದೇ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅದರಲ್ಲಿ ಹಸಿ ಮಣ್ಣಿನ ವಾಸನೆ. ಕೆಳಗೆ ನೋಡಿದೆ. ಒಣಗಿದ್ದ ಮರಳಿನ ಮೇಲೆ ಬೆರಳಗಲದ ನೀರು, ನೊರೆ ಮತ್ತು ಕಸಕಡ್ಡಿ ಹೊತ್ತು, ನಮ್ಮ ಕಡೆಗೇ ಹರಿದು ಬರುತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ ಅಜ್ಜಿಯ ಜೊತೆ ಊರ ಹಳ್ಳಕ್ಕೆ ಕೌದಿ ಒಗೆಯಲು ಹೋಗಿದ್ದೆ. ಸುಡು ಬಿಸಿಲು. ಅಜ್ಜಿ ಇದ್ದಕ್ಕಿದ್ದಂತೆ ಮೂಗರಳಿಸಿ, ಕೌದಿಗಳನ್ನು ನೀರಿನಲ್ಲೇ ಬಿಟ್ಟು, ನನ್ನನ್ನು ಜಡೆ ಹಿಡಿದು ದಂಡೆಗೆ ಎಳೆದಿದ್ದಳು. ನಾನು ಅಳು ನಿಲ್ಲಿಸುವಷ್ಟರಲ್ಲಿ ಕೌದಿ, ಒಗೆಯುವ ಕಲ್ಲು ಎರಡೂ ಇರಲಿಲ್ಲ. ಮಳೆಯಾಗಿದ್ದದ್ದು ಎಲ್ಲೋ ದೂರದ ಊರಿನಲ್ಲಿ.

ಬಾಯಿಗೆ ಇಂಗ್ಲಿಷ್ ಬರಲೇ ಇಲ್ಲ. “ಹಳ್ಳ ಬರಾಕತ್ತೈತಿ! ತಿರಿಗ್ರಿ! ಮ್ಯಾಲ ಹತ್ರಿ!” ಎಂದು ಕಿರುಚಿದೆ.

“ಮಮ್ಮೀ, ಡೋಂಟ್ ಶೌಟ್!” ವಿದ್ಯಾಳ ಮುಖ ನಾಚಿಕೆಯಿಂದ ಕೆಂಪಾಯಿತು.

“ಏನಾತ ನಿನಗ? ಇಷ್ಟ ನೀರಿಗೆ…” ಅಂದರು ನನ್ನವರು.

ನಾನು ಮಗಳ ರಟ್ಟೆ ಹಿಡಿದು ಹಿಂದಕ್ಕೆ ಓಡಿದೆ. ಸ್ವಲ್ಪ ಹಿಂದೆ ಬಂಡೆಗಳು ಮೆಟ್ಟಿಲಿನಂತೆ ಬಿದ್ದು, ಮೇಲೊಂದು ಅಗಲವಾದ ಕಟ್ಟೆಯಿದ್ದದ್ದನ್ನು ನೋಡಿದ್ದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಬೆಟ್ಟಿ ಒಂದು ಪ್ರಶ್ನೆಯನ್ನೂ ಕೇಳದೆ ಗಂಡನ ಕೈ ಹಿಡಿದು ಹಿಂದೆಯೇ ಬಂದಳು. ವಿದ್ಯಾಳನ್ನು ಹತ್ತಿಸಿದೆ. ಬೆಟ್ಟಿ ಹತ್ತಿದಳು. ಅಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ನನ್ನವರು ಕ್ಯಾಮೆರಾ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದರು.

“ಚೀಲ ಒಗೀರಿ! ಮೊದಲ ನೀವು ಹತ್ತಿ ಇವರನ್ನ ಎಳಕೋರಿ!”

ಚೀಲ ಎಸೆದರು. ಮದುವೆಯಾದಾಗಿನಿಂದ ಅವರು ನನ್ನ ಮಾತನ್ನು ಇಷ್ಟು ಬೇಗ ಕೇಳಿದ್ದು ಅದೇ ಮೊದಲು. ಹೆರಾಲ್ಡ್‌ಗೆ ಮಂಡಿ ಮಡಿಸಲು ಆಗುತ್ತಿರಲಿಲ್ಲ. ನಾನು ಬಗ್ಗಿ ಹೆಗಲು ತಟ್ಟಿಕೊಂಡು, “ಇದರ ಮ್ಯಾಲ ಕಾಲ ಇಡ್ರಿ” ಅಂದೆ. ಭಾಷೆ ಬರದಿದ್ದರೂ ಆತನಿಗೆ ಅರ್ಥವಾಯಿತು. ನನ್ನವರು ಮೇಲಿನಿಂದ ಎಳೆದರು, ನಾನು ಕೆಳಗಿನಿಂದ ಒತ್ತಿದೆ. ಕೊನೆಗೆ ನನ್ನನ್ನು ಎಳೆದುಕೊಳ್ಳುವಾಗ ನನ್ನ ಮಂಡಿ ಕಲ್ಲಿಗೆ ಬಡಿದು ಒಡೆಯಿತು. ನೋವು ಗೊತ್ತಾಗುವ ಮೊದಲೇ ಕಣಿವೆಯ ಒಳಗಿನಿಂದ ಗುಡುಗಿನಂಥ ಸದ್ದು ಬಂತು.

ಕೆಂಪು ನೀರು ಗೋಡೆಯಿಂದ ಗೋಡೆಗೆ ಅಪ್ಪಳಿಸುತ್ತಾ ನುಗ್ಗಿತು. ಇಡೀ ಮರವೊಂದು ಬೇರಿನ ಸಮೇತ ಉರುಳುತ್ತಾ ಹೋಯಿತು. ನಾವು ನಿಂತಿದ್ದ ಜಾಗ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. ನೀರು ಏರುತ್ತಾ ಏರುತ್ತಾ ನಮ್ಮ ಕಟ್ಟೆಗೆ ಒಂದು ಮೊಳ ಇರುವಾಗ ನಿಂತಿತು. ವಿದ್ಯಾ ನನ್ನ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಮೇಲೆ ಅದೇ ನೀಲಿ ಆಕಾಶ.

ನೀರು ಇಳಿಯಲು ಮೂರು ಗಂಟೆ ಬೇಕಾಯಿತು. ನನ್ನ ಹೆಗಲಚೀಲದಲ್ಲಿ ಫೆಲ್ಥಮ್‌ನಿಂದ ತಂದ ಒಣಗಿಸಿದ ಕಟಕ ರೊಟ್ಟಿಯ ಚೂರು, ಶೇಂಗಾ ಚಟ್ನಿಪುಡಿ ಇತ್ತು. ಎಲ್ಲರೂ ಹಂಚಿಕೊಂಡೆವು. ಬೆಟ್ಟಿಗೆ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಕೆಮ್ಮುತ್ತಲೇ ನಕ್ಕಳು, ನಗುತ್ತಲೇ ಅತ್ತಳು, ಆಮೇಲೆ ಇನ್ನೊಂದು ಚೂರು ಕೇಳಿದಳು. ನನ್ನವರು “ನಾ ಬರೇ ನಮ್ಮ ತಲಿ ಮ್ಯಾಲಿನ ಆಕಾಶ ನೋಡಿದ್ನಿ” ಎಂದು ಮೆಲ್ಲಗೆ ಹೇಳಿ, ಅಪರಿಚಿತರೆದುರೇ ನನ್ನ ಕೈ ಹಿಡಿದುಕೊಂಡರು. ಸಂಜೆ ಹಗ್ಗ ಹಿಡಿದು ಬಂದ ಅರಣ್ಯ ಸಿಬ್ಬಂದಿ, ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದ ಗುಡ್ಡದಲ್ಲಿ ಎಂದರು. ಬೀಳ್ಕೊಡುವಾಗ ಹೆರಾಲ್ಡ್ ಎರಡೂ ಕೈ ಜೋಡಿಸಿದರು. ಅದನ್ನು ಅವರಿಗೆ ಯಾರು ಕಲಿಸಿದ್ದರೋ.

ಕ್ಯಾಮೆರಾ ಹೋಯಿತು. ಆ ಪ್ರವಾಸದ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ.

ಲಂಡನ್ನಿಗೆ ಮರಳಿದ ವಾರ ಮಂಡಿ ತೋರಿಸಲು ನಮ್ಮ ಬಡಾವಣೆಯ ಜಿಪಿ ಡಾಕ್ಟರ್ ಹತ್ತಿರ ಹೋದೆ. ಎಂದಿನಂತೆ ವಿದ್ಯಾ ಜೊತೆಗೆ ಬಂದಳು. ಡಾಕ್ಟರ್ ಹತ್ತಿರವಾಗಲಿ, ಅಲ್ಲಿನ ನಗರಸಭೆಯಾದ ಕೌನ್ಸಿಲ್ ಆಫೀಸಿನಲ್ಲಾಗಲಿ ನನ್ನ ಪರವಾಗಿ ಮಾತಾಡುತ್ತಿದ್ದವಳು ಅವಳೇ. ನನ್ನ ಇಂಗ್ಲಿಷಿಗೆ ನನಗೂ ನಾಚಿಕೆ, ಅವಳಿಗೂ ನಾಚಿಕೆ. ಡಾಕ್ಟರ್ ಏನಾಯಿತು ಎಂದು ಅವಳನ್ನೇ ಕೇಳಿದರು. ಅವಳು ಬಾಯಿ ತೆರೆದವಳು ತಡೆದು, ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ, “ಅವ್ವಾ, ನೀನ ಹೇಳು” ಅಂದಳು.

ಹೇಳಿದೆ. ಬಂದಷ್ಟು ಇಂಗ್ಲಿಷಿನಲ್ಲಿ, ಬಾರದ ಕಡೆ ಕೈಸನ್ನೆಯಲ್ಲಿ, ಗಾಳಿ ಬಂದಲ್ಲಿಂದ ಹಿಡಿದು ಕೊನೆಯವರೆಗೂ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿದರು. ಹೊರಗೆ ಎಷ್ಟು ಜನ ಕಾಯುತ್ತಿದ್ದರೋ ಏನೋ, ಪೂರ್ತಿ ಮುಗಿಸದೆ ನಾನು ಕುರ್ಚಿಯಿಂದ ಏಳಲಿಲ್ಲ.