ಲಿಂಡ್ಸೆಯ ಹೆಬ್ಬೆರಳು

ಪೋರ್ಟ್ ಪಿರಿಯಲ್ಲಿ ಲಿಂಡ್ಸೆ ಟ್ರೆಗೆಂಜಾನನ್ನು ಅರಿಯದವರಿಲ್ಲ, ಆದರೆ ಅವನ ಮುಖವನ್ನು ನೆಟ್ಟಗೆ ನೋಡಿದವರು ಕಡಿಮೆ. ಇಪ್ಪತ್ತೆರಡು ವರ್ಷ, ಚಳಿಗಾಲದ ಪ್ರತಿ ಶನಿವಾರ, ಫುಟ್‌ಬಾಲ್ ಮೈದಾನದ ಪಕ್ಕದ ಕಬ್ಬಿಣದ ಅಟ್ಟ ಹತ್ತಿ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ನಿಂತವನು ಅವನು. ಸೀಸ ಕರಗಿಸುವ ಕಾರ್ಖಾನೆಯ ಫಿಟ್ಟರ್ ಕೆಲಸ ಹೊಟ್ಟೆಪಾಡಿಗಾಯಿತು, ಇದು ಮಾತ್ರ ಪ್ರಾಣ. ಸೋಮವಾರ ಸಂಜೆ ಕೋಚ್ ಆ ಟೇಪು ಹಾಕಿಸಿ ಹುಡುಗರಿಗೆ ಬೈಯಬೇಕು, ಹಾಗಾಗಿ ಅದರಲ್ಲಿ ಆಟ ಬಿಟ್ಟು ಬೇರೇನೂ ಇರಕೂಡದು. ಗೋಲಾಗಿ ಜನ ಹೋ ಎಂದೊಡನೆ ಲಿಂಡ್ಸೆಯ ಹೆಬ್ಬೆರಳು ಗುಂಡಿ ಒತ್ತಿ ಟೇಪು ನಿಲ್ಲಿಸುತ್ತಿತ್ತು. ಅಲ್ಲಿನ ಫುಟ್‌ಬಾಲಿನ ಪದ್ಧತಿಯಂತೆ ಆಟ ಮತ್ತೆ ಶುರುವಾಗಲೆಂದು ಅಂಪೈರ್ ಚೆಂಡನ್ನು ನೆಲಕ್ಕೆ ಪುಟಿಸಲು ಕೈಯೆತ್ತಿದೊಡನೆ ಅದೇ ಗುಂಡಿ ಒತ್ತಿ ಮತ್ತೆ ಚಾಲೂ ಮಾಡುತ್ತಿತ್ತು. ಎರಡೂ ಕಣ್ಣು ತೆರೆದೇ ತೆಗೆಯುತ್ತೇನೆಂಬ ಜಂಬ ಬೇರೆ ಅವನಿಗೆ: ಒಂದು ಕಣ್ಣು ಕ್ಯಾಮೆರಾದಲ್ಲಿ, ಇನ್ನೊಂದು ಮೈದಾನದಲ್ಲಿ. ಟೇಪು ಓಡುತ್ತಿದೆಯೆಂದು ತೋರಿಸುವ ಮೂಲೆಯ ಕೆಂಪು ಚುಕ್ಕೆಯನ್ನು ಇಣುಕಿ ನೋಡುವುದು ಹೊಸಬರ ಕೆಲಸ ಎನ್ನುತ್ತಿದ್ದ.

ಹೆಂಡತಿ ಅಡಿಲೇಡ್‌ನಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ಮಗಳು ಮೆರಿನ್‌ಳನ್ನು ಅವನೇ ಬೆಳೆಸಿದ. ಅವಳೋ ಯಾವ ರೆಕಾರ್ಡ್ ಕಂಪನಿಯ ಹಂಗೂ ಬೇಡವೆಂದು ಮೂವರನ್ನು ಕಟ್ಟಿಕೊಂಡು ರಾಕ್ ತಂಡ ಮಾಡಿದಳು. ಹತ್ತು ವರ್ಷ ಊರೂರಿನ ಪಬ್ಬುಗಳಲ್ಲಿ ಹಾಡಿದಳು. ಮೂವತ್ತಮೂರಕ್ಕೆ ಗಂಟಲಲ್ಲಿ ಗಂಟು ಸಿಕ್ಕಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಬುಧವಾರ ಬನ್ನಿ ಎಂದರು ಡಾಕ್ಟರು. ಹಾಗಾದರೆ ಭಾನುವಾರ ಹಾಡುತ್ತೇನೆ ಎಂದಳು ಮೆರಿನ್.

ಅಂದು ಹಾಡಬೇಕೆಂದಿದ್ದ ಹನ್ನೊಂದೂ ಹೊಸ ಹಾಡುಗಳು. ಒಂದನ್ನೂ ಎಲ್ಲೂ ರೆಕಾರ್ಡ್ ಮಾಡಿರಲಿಲ್ಲ. ಆ ಕಾರ್ಯಕ್ರಮವನ್ನು ಚಿತ್ರೀಕರಿಸಿ ಜನ ಮನೆಯಲ್ಲಿ ನೋಡುವಂತೆ ಡಿವಿಡಿ ಮಾಡುವುದೆಂದು ತಂಡ ತೀರ್ಮಾನಿಸಿತು. ಕ್ಯಾಮೆರಾ ಯಾರದೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬಂದರಿನ ಬಳಿಯ ಪಬ್ಬಿನಲ್ಲಿ ಲಿಂಡ್ಸೆ ಬಿಯರ್ ಪೀಪಾಯಿಗಳ ಮೇಲೆ ಹಲಗೆ ಹಾಸಿ ಅಟ್ಟ ಕಟ್ಟಿಕೊಂಡ. ಸೌಂಡಿನ ಮೇಜಿನಿಂದ ಬಂದ ಒಂದೇ ಒಂದು ವೈರನ್ನು ಅವನ ಕ್ಯಾಮೆರಾಕ್ಕೆ ಸಿಕ್ಕಿಸಿದರು. ಚಿತ್ರವೂ ದನಿಯೂ ಅದರಲ್ಲೇ ಇಳಿಯಬೇಕು, ಬೇರೆ ದಾರಿಯಿಲ್ಲ.

"ಅಪ್ಪಾ, ಮದ್ವೆ ತೆಗ್ದಂಗೆ ಕೇಕು, ಹೂವು ಅಂತ ಅಲೀಬೇಡ," ಎಂದಳು ಮೆರಿನ್. "ನನ್ನ ಮುಖ, ನನ್ನ ದನಿ. ಅಷ್ಟೇ."

"ಈಗ ನೀನು ನಂಗೆ ಹೇಳಿಕೊಡೋಳು."

"ಹೂಂ, ಹೇಳಿಕೊಡೋಳೇ. ನಡುನಡುವೆ ನಿಲ್ಸೋ ಆ ಹಾಳು ಚಾಳಿ ಬೇಡ. ಎಂಬತ್ತು ನಿಮಿಷದ ಟೇಪಿದೆ. ನಾವು ಬರೋಕ್ಮುಂಚೆನೇ ಹಾಕ್ಬಿಡು, ಆಮೇಲೆ ಮುಟ್ಬೇಡ."

"ಮುಟ್ಟಲ್ಲ ಮಾರಾಯ್ತಿ. ಆಣೆ."

ಡ್ರಮ್ ಬಾರಿಸುವ ನುಂಝಿಯೊ ಹಲ್ಲು ಕಿರಿದ. "ಯಜಮಾನ್ರೇ, ಗ್ಯಾರಂಟಿಗೆ ಕೈ ಕಟ್ಟಿಹಾಕ್ಲಾ?"

"ನೀನು ಮೊದ್ಲು ತಾಳ ತಪ್ಪದಂಗೆ ಬಾರ್ಸೋ."

ಲಿಂಡ್ಸೆ ಮಾತಿಗೆ ತಪ್ಪಲಿಲ್ಲ. ತಂಡ ಬರುವ ಮೊದಲೇ ಗುಂಡಿ ಒತ್ತಿದ, ಟೇಪು ಓಡತೊಡಗಿತು. ಮಾತು ಉಳಿಸಿಕೊಂಡಿದ್ದೇ ಅವನಿಗೆ ಮುಳುವಾಯಿತು. ಮೆರಿನ್ ಮೈಕಿನ ಮುಂದೆ ನಿಂತು, ಭುಜ ಎತ್ತಿ, ಉಸಿರೆಳೆದುಕೊಂಡಳು. ಆಟ ಶುರುವಾಗುವ ಗಳಿಗೆ ಯಾವುದೆಂದು ಇಪ್ಪತ್ತೆರಡು ವರ್ಷದಿಂದ ಬಲ್ಲ ಹೆಬ್ಬೆರಳು ಯಜಮಾನನನ್ನು ಕೇಳದೆ ಒತ್ತಿತು. ಓಡುತ್ತಿದ್ದ ಟೇಪು ನಿಂತಿತು. ಹಾಡು ಮುಗಿದು ಜನ ಹೋ ಎಂದಾಗ ಮತ್ತೆ ಒತ್ತಿತು, ಟೇಪು ಓಡಿತು. ಹನ್ನೊಂದು ಹಾಡಿಗೂ ಇದೇ ಕಥೆ. ಚುಕ್ಕೆ ನೋಡಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ನೋಡಲಿಲ್ಲ, ಪುಣ್ಯಾತ್ಮ. ಬೆವರು ಒರೆಸಿಕೊಳ್ಳುತ್ತ, ಮಗಳ ಮುಖ ಚೌಕಟ್ಟಿನಿಂದ ಕದಲದಂತೆ, ಮಸುಕಾಗದಂತೆ ಕಾದ. ಆ ಗಡಿಬಿಡಿಯಲ್ಲಿ ಹಾಡಿನ ಒಂದು ಪದವೂ ಅವನ ಕಿವಿಗೆ ಬೀಳಲಿಲ್ಲ.

ಒಂಬತ್ತನೆಯ ಹಾಡಿಗೆ ಮುಂಚೆ ಅವಳು ಅವನತ್ತ ಕೈ ತೋರಿಸಿ, "ಇದು ಪೀಪಾಯಿ ಮೇಲೆ ನಿಂತಿರೋ ಆ ಮೊಂಡನಿಗೆ. ಅವನಿಗೋಸ್ಕರನೇ ಕಟ್ಟಿದ್ದು," ಎಂದಳು. ಜನ ನಕ್ಕರು. ಲಿಂಡ್ಸೆ ಕ್ಯಾಮೆರಾ ಅಲುಗಿಸಲಿಲ್ಲ.

ಎಲ್ಲ ಮುಗಿದ ಮೇಲೆ ನೋಡಿದರೆ ಟೇಪು ಹತ್ತೊಂಬತ್ತು ನಿಮಿಷವಷ್ಟೇ ಓಡಿತ್ತು. ಯಂತ್ರ ಕೆಟ್ಟಿರಬೇಕು ಎಂದುಕೊಂಡ. ಹಿಂದಕ್ಕೆ ಸುತ್ತಿ ನೋಡಿದ. ಮೆರಿನ್ ನೀರು ಕುಡಿಯುತ್ತಾಳೆ, ನುಂಝಿಯೊನ ಕಾಲೆಳೆಯುತ್ತಾಳೆ, ಉಸಿರೆಳೆದುಕೊಳ್ಳುತ್ತಾಳೆ, ಒಡನೆಯೇ ಚಪ್ಪಾಳೆ. ಕೆಟ್ಟದ್ದು ಯಂತ್ರವಲ್ಲ, ತನ್ನ ಹೆಬ್ಬೆರಳು ಎಂದು ಆಗ ಹೊಳೆಯಿತು. ತಪ್ಪನ್ನು ಯಂತ್ರದ ಮೇಲೆ ಹಾಕಿಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆ ಬುದ್ಧಿಯೂ ಅವನಿಗಿರಲಿಲ್ಲ. ಹೋಗಿ ಮಗಳ ಮುಂದೆ ನಿಂತ.

"ನಿಲ್ಸ್‌ಬಿಟ್ಟೆ ಕಣಮ್ಮ. ಹಾಡು ಬಂದಾಗೆಲ್ಲ ನಿಲ್ಸ್‌ಬಿಟ್ಟಿದ್ದೀನಿ."

ಮೆರಿನ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು. ನುಂಝಿಯೊ ಕೋಲುಗಳನ್ನು ನೆಲಕ್ಕೆ ಬಿಸಾಕಿ ಹೊರಗೆ ಹೋದ. ಅವಳು ಎದ್ದು ಮೈಕಿನ ಬಳಿ ನಡೆದಳು.

"ಹಾಕು. ಒಂದಾದ್ರೂ ಹೇಳ್ತೀನಿ."

ಲಿಂಡ್ಸೆ ಹಾಕಿದ. ಈ ಸಲ ಚುಕ್ಕೆಯನ್ನು ಮೂರು ಬಾರಿ ನೋಡಿದ. ಅವಳು ಬಾಯಿ ತೆರೆದಳು. ಬಂದದ್ದು ಗೊರಗೊರ ಗಾಳಿ. ಇದ್ದಬದ್ದ ದನಿಯನ್ನೆಲ್ಲ ಆ ಒಂದು ಗಂಟೆಗೇ ಸುರಿದುಬಿಟ್ಟಿದ್ದಳು. ಇನ್ನೊಮ್ಮೆ ಯತ್ನಿಸಿ, ಕುತ್ತಿಗೆ ಹಿಡಿದುಕೊಂಡು, ಸಾಕೆಂದು ಕೈಯಾಡಿಸಿದಳು.

"ಬಯ್ದಾದ್ರೂ ಬಿಡೇ," ಎಂದ ಲಿಂಡ್ಸೆ.

ಅವಳಿಗೆ ಅದಕ್ಕೂ ದನಿಯಿರಲಿಲ್ಲ.

ಮೂರು ವಾರದ ಮೇಲೆ ಆಸ್ಪತ್ರೆಯಿಂದ ಅಪ್ಪನ ಮನೆಗೇ ಬಂದಳು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು. ಲಿಂಡ್ಸೆ ಕುಂಬಳಕಾಯಿ ಸೂಪು ಮಾಡುವುದು, ದಿಂಬು ಸರಿಪಡಿಸುವುದು, ಮತ್ತೆ ಸೂಪು ಮಾಡುವುದು, ಇಷ್ಟರಲ್ಲೇ ದಿನ ಕಳೆದ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: ಟೇಪು ಹಾಕು.

"ಬೇಡಮ್ಮ. ಅದ್ರಲ್ಲಿ ಏನಿದೆ?"

ಅವಳು ಬರೆದದ್ದರ ಮೇಲೆ ಪೆನ್ನಿನಿಂದ ಕುಟ್ಟಿದಳು. ಅವನು ಹಾಕಿದ. ರಿಮೋಟು ಅವಳ ಕೈಯಲ್ಲಿತ್ತು. ತನ್ನ ಮಾತು, ತನ್ನ ನಗು ಕೇಳುತ್ತ ಕೂತಳು. ಪೀಪಾಯಿಯ ಮೇಲಿನ ಮೊಂಡನ ಮಾತು ಬಂತು, ಜನ ನಕ್ಕರು. ಪರದೆಯ ಮೇಲಿನ ಮೆರಿನ್ ಭುಜ ಎತ್ತಿ ಉಸಿರೆಳೆದುಕೊಂಡಳು. ಅಲ್ಲಿಗೆ ಇವಳು ಚಿತ್ರವನ್ನು ನಿಲ್ಲಿಸಿದಳು.

ಅಪ್ಪನ ಕಡೆ ತಿರುಗಿ ಆ ಹಾಡನ್ನು ಹಾಡತೊಡಗಿದಳು. ತುಟಿಗಳಷ್ಟೇ ಆಡುತ್ತಿದ್ದವು. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಒಂದು ಚರಣವನ್ನೂ ಬಿಡದೆ, ಪೂರ್ತಿ ಹಾಡಿದಳು. ಲಿಂಡ್ಸೆ ಮುಂದಕ್ಕೆ ಬಾಗಿ, ಮಗಳ ತುಟಿಗಳನ್ನೇ ಕಣ್ಣು ಕೀಲಿಸಿ ನೋಡಿದ. ಒಂದು ಸಾಲಾದರೂ ಹಿಡಿಯಲು ಹೆಣಗಾಡಿದ. ಒಂದು ಪದವೂ ಸಿಕ್ಕಲಿಲ್ಲ. ಹಾಡು ಮುಗಿಯಿತು. ಅವಳು ಗುಂಡಿ ಒತ್ತಿದಳು, ಟಿವಿಯ ತುಂಬ ಚಪ್ಪಾಳೆ.